‘ಏನೂ ಇರಲಿಲ್ಲ’ ಎಂಬ ಮೊದಲ ದೃಶ್ಯ

ಒಂಬತ್ತನೇ ತರಗತಿಯ ಮಕ್ಕಳಿಂದ ಸೃಷ್ಟಿಕಥೆಗಳ ಕಿರುಚಿತ್ರ ಮಾಡಿಸಬೇಕೆಂದು ಹೊರಟಾಗ ನಾನೊಂದು ಷರತ್ತು ಹಾಕಿದ್ದೆ. ಕಥೆಯ ಮೊದಲ ದೃಶ್ಯ ಸಿದ್ಧವಾಗದೆ ಮುಂದಿನದನ್ನು ಯಾರೂ ಮುಟ್ಟುವಂತಿಲ್ಲ. ಲೋಕ ಹುಟ್ಟುವ ಮುಂಚೆ ಏನಿತ್ತೋ ಅದನ್ನು ಮೊದಲು ತೋರಿಸಿ, ಆಮೇಲೆ ಲೋಕ ಹುಟ್ಟಿಸಿ ಎಂದೆ. ಕಪ್ಪು ಪರದೆಯ ಮೇಲೆ ‘ಬಹಳ ಹಿಂದೆ ಏನೂ ಇರಲಿಲ್ಲ’ ಎಂದು ಓದಿಬಿಟ್ಟರೆ ನಾನು ಒಪ್ಪುವುದಿಲ್ಲ ಎಂದೂ ಹೇಳಿದ್ದೆ.

ನಮ್ಮದು ಸಾಗರ ತಾಲ್ಲೂಕಿನ ಹಳ್ಳಿ ಶಾಲೆ. ಗುಂಪಿಗೆ ಆರು ಮಕ್ಕಳು, ಒಂದು ಫೋನು, ಚಿತ್ರ ಮೂರು ನಿಮಿಷ ಮೀರಬಾರದು. ಕಥೆಗಳನ್ನು ನಾನೇ ಸರಳವಾಗಿ ಬರೆದು ಕೊಟ್ಟೆ: ಋಗ್ವೇದದ ಹತ್ತನೇ ಮಂಡಲದ ನಾಸದೀಯ ಸೂಕ್ತ, ವರಾಹಾವತಾರ, ಮೊಟ್ಟೆಯೊಳಗೆ ಹುಟ್ಟಿದ ಚೀನಾದ ಆದಿಪುರುಷ ಪಾನ್‌ಗು, ನ್ಯೂಜಿಲೆಂಡಿನ ಮಾವೊರಿ ಜನರ ರಂಗಿ ಮತ್ತು ಪಾಪಾ, ಗ್ವಾಟೆಮಾಲಾದ ಕಿಚೆ ಮಾಯಾ ಜನರ ಮೆಕ್ಕೆಜೋಳದ ಮನುಷ್ಯರ ಕಥೆ. ಶರಾವತಿ ಹುಟ್ಟಿದ ಅಂಬುತೀರ್ಥದ ಕಥೆಯೇ ಬೇಕೆಂದು ಕೆಲವರು ಹಟ ಹಿಡಿದರು. ಆದರೆ ರಾಮ ಬಾಣ ಬಿಡುವ ಹೊತ್ತಿಗೆ ನೆಲವೂ ಇತ್ತು, ಕಾಡೂ ಇತ್ತು, ಬಾಯಾರಿದ ಸೀತೆಯೂ ಇದ್ದಳು. ನದಿ ಹುಟ್ಟಿದ್ದು ಬೇರೆ, ಲೋಕ ಹುಟ್ಟಿದ್ದು ಬೇರೆ ಎಂದು ಅದನ್ನು ಬದಿಗಿಟ್ಟೆವು.

ಹೆಚ್ಚು ತಲೆ ಕೆಡಿಸಿಕೊಂಡದ್ದು ನಾಸದೀಯ ಸೂಕ್ತದ ಗುಂಪು. ಆಗ ಅಸತ್ತೂ (ಇಲ್ಲದ್ದು) ಇರಲಿಲ್ಲ, ಸತ್ತೂ (ಇರುವುದು) ಇರಲಿಲ್ಲ, ಕತ್ತಲೆಯನ್ನು ಕತ್ತಲೆ ಮುಚ್ಚಿತ್ತು ಎನ್ನುತ್ತದೆ ಸೂಕ್ತ. “ಸಾರ್, ಏನೂ ಇರ್ಲಿಲ್ಲ ಅಂದ್ಮೇಲೆ ಕ್ಯಾಮೆರಾ ಯಾವ ಕಡೆ ಹಿಡಿಯೋದು?” ಎಂದು ಒಬ್ಬ ಹುಡುಗ ಕೇಳಿದ. ಅಷ್ಟು ಒಳ್ಳೆಯ ಪ್ರಶ್ನೆ ಆ ವರ್ಷ ತರಗತಿಯಲ್ಲಿ ಬೇರೆ ಬರಲಿಲ್ಲ. ನಾನು ಉತ್ತರ ಹೇಳಲಿಲ್ಲ, ಇನ್ನೊಮ್ಮೆ ಓದಿ ಎಂದೆ. ಗಾಳಿಯೇ ಇಲ್ಲದೆ ‘ಅದೊಂದು’ ಉಸಿರಾಡುತ್ತಿತ್ತು ಎಂಬ ಸಾಲು ಅವರಿಗೆ ಸಿಕ್ಕಿತು. ಚಳಿಗಾಲದ ಬೆಳಗ್ಗೆ ಹಳೆಯ ಕಿಟಕಿಯ ಗಾಜೊಂದನ್ನು ನಿಲ್ಲಿಸಿ ಹಿಂದೆ ಕರಿಬಟ್ಟೆ ಕಟ್ಟಿದರು. ಒಬ್ಬಳು ಫ್ರೇಮಿನ ಕೆಳಗೆ ಕೂತು ಗಾಜಿನ ಮೇಲೆ ಉಸಿರು ಬಿಟ್ಟಳು. ಕಪ್ಪಿನ ಮೇಲೆ ಬಿಳಿ ಮಬ್ಬು ಹರಡುತ್ತದೆ, ಕರಗುತ್ತದೆ, ಮತ್ತೆ ಹರಡುತ್ತದೆ. ಉಸಿರಾಡುವವರು ಯಾರೆಂದು ಕಾಣುವುದೇ ಇಲ್ಲ. ಪರಮಾಕಾಶದಲ್ಲಿದ್ದು ನೋಡುವವನಿಗೂ ಇದು ಗೊತ್ತೋ, ಅಥವಾ ಗೊತ್ತಿಲ್ಲವೋ ಎಂಬ ಸಂಶಯದಲ್ಲಿ ಸೂಕ್ತ ಮುಗಿಯುತ್ತದೆ. ಅವರೂ ಉತ್ತರ ಸೇರಿಸಲು ಹೋಗದೆ ಅಲ್ಲಿಗೇ ನಿಲ್ಲಿಸಿದರು.

ಮಾವೊರಿ ಕಥೆಯಲ್ಲಿ ಆಕಾಶ ತಂದೆ ರಂಗಿ, ಭೂಮಿ ತಾಯಿ ಪಾಪಾ ಒಬ್ಬರನ್ನೊಬ್ಬರು ಬಿಗಿದಪ್ಪಿಕೊಂಡಿದ್ದಾರೆ. ಅವರ ಮಕ್ಕಳು ನಡುವಿನ ಕತ್ತಲಲ್ಲಿ ಸಿಕ್ಕಿಕೊಂಡಿದ್ದಾರೆ. ಕೊನೆಗೆ ತಾನೆ ಎಂಬ ಮಗ ಅಂಗಾತ ಮಲಗಿ ಕಾಲಿನಿಂದ ತಂದೆಯನ್ನು ಮೇಲಕ್ಕೆ ಒತ್ತುತ್ತಾನೆ. ಈ ಗುಂಪು ಎರಡು ಕಂಬಳಿಗಳ ನಡುವೆ ಫೋನು ಇಟ್ಟಿತು. ನೇಯ್ಗೆಯ ಸಂದಿಯಲ್ಲಿ ಚುಕ್ಕಿ ಚುಕ್ಕಿ ಬೆಳಕು, ಆಮೇಲೆ ಎರಡು ಪಾದ, ಆಮೇಲೆ ಒಮ್ಮೆಗೇ ಹಗಲು. ಹೊರಗೆ ನಿಂತು ಇಬ್ಬರಿಗೆ ವೇಷ ಹಾಕಿಸಿ ತೆಗೆದಿದ್ದರೆ ಅದು ವಾರ್ಷಿಕೋತ್ಸವದ ನಾಟಕವಾಗುತ್ತಿತ್ತು. ಕ್ಯಾಮೆರಾ ಒಳಗೆ ಹೋದದ್ದರಿಂದ ಕಥೆ ಆ ಮಕ್ಕಳದ್ದಾಯಿತು.

ವರಾಹದ ಗುಂಪಿನಲ್ಲಿ ಜಗಳ. ದಣಿದು ಕೂತ ವರಾಹನ ಎಡಗೋರೆಯಿಂದ ತುಂಗೆ, ಬಲಗೋರೆಯಿಂದ ಭದ್ರೆ ಹುಟ್ಟಿದ್ದು ಗಂಗಾಮೂಲದಲ್ಲಿ ಎಂಬುದರಲ್ಲಿ ಎಲ್ಲರೂ ಒಂದೇ. ಕೋರೆಯಿಂದ ಇಳಿದದ್ದು ಬೆವರು ಎಂದು ಒಬ್ಬರ ಮನೆಯ ಅಜ್ಜ, ಬರೀ ನೀರು ಎಂದು ಇನ್ನೊಬ್ಬರ ಅಜ್ಜಿ. ಎರಡನ್ನೂ ಬೆರೆಸಬೇಡಿ, ಒಂದನ್ನು ನಂಬಿ ತೆಗೆಯಿರಿ ಎಂದೆ. ಬೆವರು ಗೆದ್ದಿತು. ಕೋರೆಗಳನ್ನು ಅಡಿಕೆ ಹಾಳೆಯಲ್ಲಿ ಕತ್ತರಿಸಿ ನೆರಳು ಮಾತ್ರ ತೋರಿಸಿದರು. ಎತ್ತಬೇಕಾದ ಭೂಮಿ ಯಾವುದು? ದೀವರ ಮನೆಯ ಹುಡುಗಿಯೊಬ್ಬಳು ಭೂಮಣ್ಣಿ ಬುಟ್ಟಿ ತಂದಳು. ಭೂಮಿ ಹುಣ್ಣಿಮೆಯಲ್ಲಿ ಬಸುರಿ ಭೂಮಿತಾಯಿಗೆ ಬಯಕೆಯ ಅಡುಗೆ ಒಯ್ಯುವ ಬುಟ್ಟಿ ಅದು, ಕೆಮ್ಮಣ್ಣಿನ ಮೇಲೆ ಅಕ್ಕಿಹಿಟ್ಟಿನ ಚಿತ್ತಾರ. ಹಬ್ಬ ಮುಗಿದಿತ್ತು, ಅಮ್ಮನನ್ನು ಕೇಳಿಯೇ ತಂದಿದ್ದಳು. ನೀರಿನಿಂದ ಆ ಬುಟ್ಟಿ ಮೇಲೇಳುವುದನ್ನು ನೋಡಿ ನನಗೆ ಮೈ ಜುಮ್ಮೆಂದಿತು. ನೆಂಟರ ಮನೆಗೆ ಹೋದವನೊಬ್ಬ ಕೂಡಲಿಯಲ್ಲಿ ತುಂಗೆ ಭದ್ರೆ ಸೇರುವ ಜಾಗ ತೆಗೆದುಕೊಂಡು ಬಂದ. ಕೊನೆಯ ದೃಶ್ಯ ಅದೇ.

ಕೆಲಸದ ವಿಚಾರವೂ ಸ್ವಲ್ಪ ಹೇಳುತ್ತೇನೆ. ಮಾಯಾ ಕಥೆಯಲ್ಲಿ ದೇವರುಗಳು ಮೊದಲು ಮಣ್ಣಿನ ಮನುಷ್ಯನನ್ನು ಮಾಡುತ್ತಾರೆ, ಅವನು ಕರಗಿಹೋಗುತ್ತಾನೆ. ಮರದವನಿಗೆ ಮನಸ್ಸಿಲ್ಲ. ಮೆಕ್ಕೆಜೋಳದವನು ಉಳಿಯುತ್ತಾನೆ. ಇದನ್ನು ಒಂದೊಂದೇ ಫೋಟೊ ತೆಗೆದು ಜೋಡಿಸುವ ಸ್ಟಾಪ್ ಮೋಷನ್‌ನಲ್ಲಿ ಮಾಡಿದೆವು. ಸೆಕೆಂಡಿಗೆ 12 ಫೋಟೊ ಎಂದರೆ ನಿಮಿಷಕ್ಕೆ 720. ಹಾಗಾಗಿ ಕರಗುವ 20 ಸೆಕೆಂಡಿಗೆ ಮಾತ್ರ, ಅಂದರೆ 240 ಫೋಟೊಗಳಿಗೆ, ಅದನ್ನು ಮಿತಿಗೊಳಿಸಿದೆವು. ಫೋನನ್ನು ಅಡಿಕೆ ದಬ್ಬೆಗೆ ಸೈಕಲ್ ಟ್ಯೂಬಿನಿಂದ ಬಿಗಿದರೆ ಅಲುಗುವುದಿಲ್ಲ. ಪರದೆಯನ್ನು ಬೆರಳಿಂದ ಒತ್ತಿ ಹಿಡಿದು ಫೋಕಸ್ಸನ್ನೂ ಬೆಳಕನ್ನೂ ಲಾಕ್ ಮಾಡಬೇಕು. ಕಿಟಕಿಯ ಬೆಳಕು ನಂಬಿದರೆ ಮೋಡ ಸರಿದಾಗಲೆಲ್ಲ ಚಿತ್ರ ಮಿಣುಕುತ್ತದೆ, ಆದ್ದರಿಂದ ಕಿಟಕಿ ಮುಚ್ಚಿ ಬಲ್ಬಿನ ಬೆಳಕಲ್ಲಿ ತೆಗೆಯುವುದು ಲೇಸು. ಮಾತನ್ನು ಬೇರೆ ಫೋನಿನಲ್ಲಿ, ಬಾಯಿಗೆ ಹತ್ತಿರ ಹಿಡಿದು, ಕಂಬಳಿ ಹೊದ್ದು ರೆಕಾರ್ಡ್ ಮಾಡಿ. ಹೆಂಚಿನ ಮಾಡಿನ ಕೆಳಗೆ ಮಳೆಗಾಲದಲ್ಲಿ ಬೇರೆ ದಾರಿಯಿಲ್ಲ.

ಅಂಕವನ್ನು ಚಿತ್ರದ ಅಂದಕ್ಕೆ ಕೊಡಲಿಲ್ಲ. ಪ್ರತಿ ದೃಶ್ಯದ ಎದುರು, ಇದು ಕಥೆಯ ಯಾವ ಸಾಲಿನಿಂದ ಬಂತು ಎಂದು ನೋಟ್‌ಬುಕ್ಕಿನಲ್ಲಿ ಬರೆಯಬೇಕಿತ್ತು, ಅಂಕ ಅದಕ್ಕೆ. ಪಾನ್‌ಗು ಗುಂಪು ಊರ ಕೋಳಿಯ ಮೊಟ್ಟೆಗೆ ಕತ್ತಲಲ್ಲಿ ಟಾರ್ಚ್ ಹಿಡಿದು, ಒಳಗಿನ ಕೆಂಪು ಹೊಳಪನ್ನೇ ಅವನು 18,000 ವರ್ಷ ಮಲಗಿದ್ದ ಜಾಗವೆಂದು ತೋರಿಸಿತ್ತು. ಜೊತೆಗೆ ಬೆಂಕಿಯುಗುಳುವ ಡ್ರ್ಯಾಗನ್ ಒಂದನ್ನೂ ಚೆಂದವಾಗಿ ಬರೆದು ಸೇರಿಸಿಕೊಂಡಿದ್ದರು. ಅದರ ಎದುರು ಬರೆಯಲು ಕಥೆಯಲ್ಲಿ ಸಾಲು ಸಿಗಲಿಲ್ಲ. ನಾನು ಕೇಳುವ ಮೊದಲೇ ತಾವೇ ತೆಗೆದುಹಾಕಿದರು.