ಡ್ರೋನ್ ಶೇರು: ಆರ್ಡರ್ ನ್ಯೂಸ್ ಓದೋದು ಬಿಟ್ಟ ಮೇಲೆ ದುಡ್ಡು ಕಂಡೆ

"ಭಾವ, ನೋಟಿಗೆ ದಾರ ಕಟ್ಟಿ ಗಾಳಿಪಟ ಹಾರಿಸ್ತಿದ್ದೀರಿ" ಅಂತ ನನ್ನ ಹೆಂಡ್ತಿ ತಮ್ಮ ಎರಡು ವರ್ಷ ಆಡ್ಕೊಂಡ. ಮುಂಬೈನ ಮಾಟುಂಗದಲ್ಲಿ ನಮ್ಮವರ ಯಾವ ಫಂಕ್ಷನ್ನಿಗೆ ಹೋದ್ರೂ ಊಟಕ್ಕೆ ಕೂತಾಗ ಇದೇ ಮಾತು, ಪಕ್ಕದವ್ರಿಗೂ ಕೇಳೋ ಹಾಗೆ. ಕಳೆದ ದೀಪಾವಳಿಗೆ ಅವನೇ ಫೋನ್ ಮಾಡಿ "ಯಾವ್ದು ತಗೊಂಡ್ರಿ, ಹೆಸರು ಹೇಳಿ" ಅಂದ. ಹೇಳ್ಲಿಲ್ಲ. ಇಲ್ಲೂ ಹೇಳಲ್ಲ, ಹೇಗೆ ಮಾಡ್ದೆ ಅನ್ನೋದು ಮಾತ್ರ ಹೇಳ್ತೀನಿ.

ಮೊದ್ಲು ಕೈ ಸುಟ್ಕೊಂಡ ಕಥೆ. 2023 ಜೂನಲ್ಲಿ ಐಡಿಯಾಫೋರ್ಜ್ ಅನ್ನೋ ಡ್ರೋನ್ ಕಂಪನಿ ಐಪಿಒ (ಮೊದಲ ಸಲ ಜನರಿಗೆ ಶೇರು ಮಾರೋದು) ಬಂತಲ್ಲ, ಶೇರಿಗೆ 672 ರೂಪಾಯಿ, 22 ಶೇರಿನ ಲಾಟು, ಅಂದ್ರೆ ಕಟ್ಟು. ನಾನು ಕೆಲಸ ಮಾಡೋ ನವಿ ಮುಂಬೈನ ಮಹಾಪೆದ್ದೇ ಕಂಪನಿ ಅಂತ ಅಭಿಮಾನ ಬೇರೆ, ಮನೆಯವ್ರೆಲ್ಲರ ಹೆಸರಲ್ಲೂ ಹಾಕಿದ್ದೆ, ಒಬ್ರಿಗೂ ಅಲಾಟ್ ಆಗ್ಲಿಲ್ಲ. ಲಿಸ್ಟಿಂಗ್ ದಿನ 1300 ನೋಡಿ ಹೊಟ್ಟೆ ಉರೀತು. (ಆಮೇಲೆ ಅದು ಇಶ್ಯೂ ರೇಟಿಗಿಂತ ಕೆಳಗೆ ಹೋಯ್ತು, ಆ ಮಾತು ಬೇರೆ.) ಆ ಉರಿಲೇ ಒಂದು ಎಸ್‌ಎಂಇ ಡ್ರೋನ್ ಕಂಪನಿಗೆ (ಎಸ್‌ಎಂಇ ಅಂದ್ರೆ ಸಣ್ಣ ಕಂಪನಿಗಳಿಗೆ ಅಂತಲೇ ಇರೋ ಶೇರು ವಿಭಾಗ) ನುಗ್ಗಿದೆ, "ಸೇನೆಯಿಂದ ಆರ್ಡರ್" ಅಂತ ಎಕ್ಸ್‌ಚೇಂಜಿಗೆ ಅನೌನ್ಸ್‌ಮೆಂಟ್ ಹಾಕಿದ್ದ ದಿನಾನೇ, 180ರ ಹತ್ರ, ಎರಡು ಲಾಟು ಅಂದ್ರೆ 2000 ಶೇರು. ಮೂರು ತಿಂಗಳಿಗೆ ಲೋವರ್ ಸರ್ಕ್ಯೂಟ್ ಶುರುವಾಯ್ತು, ಅಂದ್ರೆ ಒಂದು ದಿನಕ್ಕೆ ರೇಟು ಎಷ್ಟು ಬೀಳಬಹುದೋ ಅಷ್ಟೂ ಬಿದ್ದು ಅಲ್ಲೇ ನಿಲ್ಲೋದು. ದಿನಾ ಬೆಳಗ್ಗೆ 9 ಗಂಟೆಗೆ ಸೆಲ್ ಹಾಕಿ ಕೂರೋದು, ಕೊಳ್ಳೋನೇ ಇಲ್ಲ, ಎಸ್‌ಎಂಇಲಿ ಚಿಲ್ಲರೆಯಾಗಿ ಮಾರೋಕೂ ಆಗಲ್ಲ, ಲಾಟೇ ಹೋಗ್ಬೇಕು. 65ಕ್ಕೆ ಕೈ ತೊಳ್ಕೊಂಡೆ. 2.3 ಲಕ್ಷ ಹೋಯ್ತು. ಅದೇ ಹೊತ್ತಲ್ಲಿ ಒಬ್ಬ ಬ್ರೋಕರ್ ಮಾತು ಕೇಳಿ ಅನ್‌ಲಿಸ್ಟೆಡ್ (ಶೇರುಪೇಟೆಲಿ ಇಲ್ಲದ) ಕಂಪನಿ ಒಂದಕ್ಕೆ ಒಂದೂವರೆ ಲಕ್ಷ ಹಾಕಿದ್ದು ಇವತ್ತಿಗೂ ಡಿಮ್ಯಾಟಲ್ಲಿ ಹಾಗೇ ಮಲಗಿದೆ, ಆ ಬ್ರೋಕರ್ ಫೋನೇ ಎತ್ತಲ್ಲ.

ಬುದ್ಧಿ ಬಂದಿದ್ದು ನನ್ನ ಸ್ವಂತ ಕೆಲಸದಿಂದ. ನಾನು ಪರ್ಚೇಸಿನವನು, ಇಪ್ಪತ್ತು ವರ್ಷದಿಂದ ವೆಂಡರ್‌ಗಳ ಅಳು ಕೇಳ್ತಿದ್ದೀನಿ. (ನಮ್ಮ ಕಂಪನಿ ಯಾವ ಡ್ರೋನ್‌ನವ್ರಿಗೂ ಮಾಲು ಕೊಡಲ್ಲ, ಕೊಡ್ತಿದ್ರೆ ನಾನು ಈ ಶೇರು ಮುಟ್ತಿರ್ಲಿಲ್ಲ.) ಆರ್ಡರ್ ಸಿಕ್ಕಿದೋನು ಅಳ್ತಾನೆ, ಸಿಗದೋನು ಅಳಲ್ಲ. ಯಾಕಂದ್ರೆ ಸರ್ಕಾರಿ ಆರ್ಡರ್ ಅಂದ್ರೆ ಮೊದ್ಲು ಎಲ್ಒನ್, ಅಂದ್ರೆ ಎಲ್ಲರಿಗಿಂತ ಕಮ್ಮಿ ರೇಟಿನವನು, ಆಗೋಕೆ ರೇಟು ಕೊಯ್ಕೋಬೇಕು, ಆಮೇಲೆ ಬ್ಯಾಂಕ್ ಗ್ಯಾರಂಟಿ (ನಾವು ಕೈಕೊಟ್ರೆ ಬ್ಯಾಂಕು ದುಡ್ಡು ಕೊಡುತ್ತೆ ಅನ್ನೋ ಪತ್ರ) ಕೊಡ್ಬೇಕು, ಸ್ವಂತ ದುಡ್ಡಲ್ಲಿ ಮಾಲು ತರಿಸಿ ಮಾಡ್ಬೇಕು, ಇನ್ಸ್‌ಪೆಕ್ಷನ್ ಪಾಸ್ ಆಗ್ಬೇಕು, ಆಮೇಲೆ ಬಿಲ್ಲು, ಆಮೇಲೆ ಕಾಯೋದು. ಸಣ್ಣ ಕಂಪನಿ ಸಾಯೋದು ಆರ್ಡರ್ ಇಲ್ದೆ ಅಲ್ಲ, ಈ ಮಧ್ಯದಲ್ಲಿ. ನಾನು ನೋಡ್ದೇ ಇದ್ದಿದ್ದೂ ಅದನ್ನೇ. ಆ ಎಸ್‌ಎಂಇ ಬ್ಯಾಲೆನ್ಸ್ ಶೀಟ್ ಆಮೇಲೆ ತೆಗೆದು ನೋಡಿದ್ರೆ ವರ್ಷದ ಸೇಲ್ಸಿನ ಮುಕ್ಕಾಲು ಪಾಲು ಬರಬೇಕಾದ ಬಾಕಿನೇ!

ಆವತ್ತಿಂದ ಆರ್ಡರ್ ನ್ಯೂಸ್ ಓದೋದು ಬಿಟ್ಟೆ. ಸೆಪ್ಟೆಂಬರ್ ಮತ್ತು ಮಾರ್ಚ್ ಬ್ಯಾಲೆನ್ಸ್ ಶೀಟು ಎರಡೇ ನೋಡೋದು. ಡೊಂಬಿವಲಿಯಿಂದ ಮಹಾಪೆಗೆ ಹೋಗೋ ಕಂಪನಿ ಬಸ್ಸು ಶಿಳಫಾಟಾ ಜಾಮಲ್ಲಿ ದಿನಾ ಮುಕ್ಕಾಲು ಗಂಟೆ ನಿಲ್ಲುತ್ತೆ, ನನ್ನ ರಿಸರ್ಚೆಲ್ಲ ಅಲ್ಲೇ. ಬಾಕಿ ಇಳೀತಿದ್ಯಾ, ಗೋಡೌನಲ್ಲಿ ಮಾಲು ಉಬ್ತಿದ್ಯಾ, ಆಪರೇಟಿಂಗ್ ಕ್ಯಾಶ್, ಅಂದ್ರೆ ವ್ಯಾಪಾರದಿಂದ ನಿಜವಾಗಿ ಕೈಗೆ ದುಡ್ಡು, ಬಂತಾ. ಇದರ ಜೊತೆ ಎಂಸಿಎ (ಕೇಂದ್ರದ ಕಂಪನಿ ವ್ಯವಹಾರ ಇಲಾಖೆ) ಸೈಟಲ್ಲಿ 100 ರೂಪಾಯಿ ಕಟ್ಟಿ ಕಂಪನಿಯ ಚಾರ್ಜ್ ಪೇಪರ್ (ಸಾಲಕ್ಕೆ ಆಸ್ತಿ ಅಡ ಇಟ್ಟ ದಾಖಲೆ) ತೆಗೆಸ್ತೀನಿ. ಬ್ಯಾಂಕು ಎಷ್ಟು ಲಿಮಿಟ್ ಕೊಟ್ಟಿದೆ, ಅದ್ರಲ್ಲಿ ಗ್ಯಾರಂಟಿಗೆ ಎಷ್ಟು ಅಂತ ಅದ್ರಲ್ಲಿ ಇರುತ್ತೆ. ಗ್ಯಾರಂಟಿ ಲಿಮಿಟ್ ಜಾಸ್ತಿ ಆಗಿದೆ ಅಂದ್ರೆ ಬ್ಯಾಂಕಿನವ್ನು ಏನೋ ಪೇಪರ್ ನೋಡಿದ್ದಾನೆ ಅಂತ ಅರ್ಥ. ಇನ್ನೊಂದು ಪೇಪರ್ ಇದೆ, ಅದನ್ನೂ ನೋಡ್ತೀನಿ, ಅದ್ಯಾವ್ದು ಅಂತ ಕೇಳ್ಬೇಡಿ.

ಮಧ್ಯೆ ಒಂದು ಹುಚ್ಚು. ಅಕ್ಕನ ಮಗ ಡ್ರೋನ್ ಮಾಡೋಣ ಮಾವ ಅಂದ. ಮುಂಬೈನ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರೋಡಲ್ಲಿ ಎರಡು ಶನಿವಾರ ಸುತ್ತಿ 250 ಗ್ರಾಮ್ ಒಳಗಿನದ್ದು ಒಂದು ಜೋಡಿಸಿದ್ವಿ, ಹನ್ನೆರಡು ಸಾವಿರ ಆಯ್ತು. ಮೋಟರ್ ಚೀನಾ, ಅದರ ಸ್ಪೀಡ್ ನೋಡ್ಕೊಳ್ಳೋ ಇಎಸ್‌ಸಿ ಚೀನಾ, ಕ್ಯಾಮೆರಾ ಚೀನಾ, ಫ್ಲೈಟ್ ಕಂಟ್ರೋಲರ್ ಡಬ್ಬಿ ಮೇಲೆ ಮಾತ್ರ ಇಲ್ಲಿಯ ಸ್ಟಿಕ್ಕರ್. ಊರಿಗೆ ಹೋದಾಗ ಗದ್ದೆಲಿ ಹಾರಿಸಿದ್ವಿ, ಎರಡೇ ನಿಮಿಷ, ಅಡಿಕೆ ಮರಕ್ಕೆ ಹೊಡೀತು. ಆದ್ರೆ ಆ ಸ್ಟಿಕ್ಕರ್ ತಲೇಲಿ ಉಳೀತು. ಆಮೇಲೆ ಆನ್ಯುಯಲ್ ರಿಪೋರ್ಟಲ್ಲಿ ಇಂಪೋರ್ಟ್ ಎಷ್ಟು ಅಂತ ಹುಡುಕೋಕೆ ಶುರು ಮಾಡ್ದೆ. 2025 ಫೆಬ್ರವರಿಲಿ ಚೀನಾ ಪಾರ್ಟ್ಸ್ ಇದೆ ಅಂತ ಸೇನೆಯ 400 ಡ್ರೋನಿನ ಆರ್ಡರ್ ಕ್ಯಾನ್ಸಲ್ ಆಯ್ತಲ್ಲ, ನನಗೆ ಆಶ್ಚರ್ಯ ಆಗ್ಲಿಲ್ಲ.

ಆ ನ್ಯೂಸಿಗೆ ನಾನು ಕಣ್ಣಿಟ್ಟಿದ್ದ ಇನ್ನೊಂದು ಡ್ರೋನ್ ಕಂಪನಿನೂ ಎಲ್ಲರ ಜೊತೆ ಬಿತ್ತು. ಅದರದ್ದು ಸೇಲ್ಸ್ ಬೆಳೆದಿರ್ಲಿಲ್ಲ, ಅದಕ್ಕೇ ಯಾರಿಗೂ ಬೇಡ, ಆದ್ರೆ ಬಾಕಿ ಇಳಿದಿತ್ತು, ಇಂಪೋರ್ಟು ಕಮ್ಮಿ. ಏಪ್ರಿಲ್ ಒಳಗೆ ನಾಲ್ಕು ಕಂತಲ್ಲಿ ಹತ್ರ ಹತ್ರ 5 ಲಕ್ಷ ಹಾಕ್ದೆ. ಹೆಂಡ್ತಿಗೆ 3 ಅಂತ ಹೇಳಿದ್ದೆ. ಮೇ 7ಕ್ಕೆ ಆಪರೇಷನ್ ಸಿಂದೂರ, ಆಮೇಲೆ ಡ್ರೋನ್ ಅಂತ ಹೆಸರಿದ್ದಿದ್ದೆಲ್ಲ ಮೇಲಕ್ಕೆ. ಇದು ನನ್ನ ಜಾಣತನ ಅಲ್ಲ, ಒಪ್ಕೋತೀನಿ. ಆದ್ರೆ ಆವತ್ತು ನುಗ್ಗಿದೋರಿಗೆ ನಾನು ಮಾರಿದೆ, ಅದು ಜಾಣತನ. ಅರ್ಧ ಶೇರು ಮಾರಿ 4.6 ಲಕ್ಷ ಬಂತು, ಅಂದ್ರೆ 2.1 ಲಾಭ. ಹಳೇ ನಷ್ಟ ತೋರಿಸಿ ಟ್ಯಾಕ್ಸ್ ರಿಟರ್ನ್ ಟೈಮಿಗೆ ಹಾಕಿದ್ದರಿಂದ ಅದು ಮುಂದಿನ ವರ್ಷಕ್ಕೆ ಕ್ಯಾರಿ ಫಾರ್ವರ್ಡ್ ಆಗಿ ಈ ಲಾಭಕ್ಕೆ ಹೊಂದ್ಕೊಂಡು 20 ಪರ್ಸೆಂಟ್ ಟ್ಯಾಕ್ಸ್ ಉಳೀತು. ಹಾಳಾದ ಆ ಎಸ್‌ಎಂಇಯಿಂದ ಆದ ಒಂದೇ ಉಪಕಾರ ಅದು.

ಉಳಿದರ್ಧ ಮೇ ರೇಟಿಗಿಂತ ಕೆಳಗೆ ಬಂದಿದೆ, ಆದ್ರೂ ನಾನು ಕೊಂಡಿದ್ದಕ್ಕಿಂತ ಮೇಲಿದೆ. ಸೆಪ್ಟೆಂಬರ್ ಬ್ಯಾಲೆನ್ಸ್ ಶೀಟಲ್ಲಿ ಬಾಕಿ ಇನ್ನಷ್ಟು ಇಳಿದಿತ್ತು, ಹಾಗಾಗಿ ಇಟ್ಕೊಂಡಿದ್ದೀನಿ. ಅಕ್ಕನ ಮಗ ಹೊಸ ಪ್ರೊಪೆಲ್ಲರ್ ಬೇಕು ಅಂತಿದ್ದಾನೆ, ಭಾವಮೈದ ಮಾತ್ರ ಇನ್ನೂ ಹೆಸರು ಕೇಳ್ತಾನೇ ಇದ್ದಾನೆ.