ಅಣೆಕಟ್ಟೆಯ ಅಂಕಿ, ಎಂಟನೇ ತರಗತಿಯ ಲೆಕ್ಕ

ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಪತ್ರಿಕೆಯ ಮುಖ್ಯಾಂಶ ಓದಿಸುವ ಪದ್ಧತಿ ನಮ್ಮ ಶಾಲೆಯಲ್ಲೂ ಇತ್ತು. ಓದುವ ಮಗುವಿಗೆ ನಾಲಿಗೆ ತೊಡರುವ ಭಯ, ಕೇಳುವವರಿಗೆ ನೆತ್ತಿಯ ಮೇಲೆ ಬಿಸಿಲು. ಒಂದು ವರ್ಷ ತುಣುಕುಗಳನ್ನು ಕತ್ತರಿಸಿ ರಟ್ಟಿಗೆ ಅಂಟಿಸಿಯೂ ನೋಡಿದೆ. ಮೈದಾ ಅಂಟಿಗೆ ಇರುವೆ ಬಂತು, ಓದುಗರು ಬರಲಿಲ್ಲ.

ನಾನು ಮಂಡ್ಯ ಜಿಲ್ಲೆಯ ಹಳ್ಳಿಯೊಂದರಲ್ಲಿ ಗಣಿತ ಕಲಿಸುತ್ತೇನೆ. ಊರಿನ ಗದ್ದೆಗಳಿಗೆ ವಿಶ್ವೇಶ್ವರಯ್ಯ ನಾಲೆಯ ನೀರು. ಒಂದು ಜುಲೈನಲ್ಲಿ ಹುಡುಗನೊಬ್ಬ, 'ಸರ್, ಪೇಪರಿನಲ್ಲಿ ಕಟ್ಟೆ ಎಷ್ಟಾಗಿದೆ ನೋಡಿಕೊಂಡು ಬಾ ಎಂದು ಅಪ್ಪ ಹೇಳಿದ್ದಾರೆ' ಎಂದ. ಕೆಆರ್‌ಎಸ್ ನೀರಿನ ಮಟ್ಟದ ಪುಟ್ಟ ಚೌಕಟ್ಟು ದಿನವೂ ನನ್ನ ಕಣ್ಣಿಗೆ ಬೀಳುತ್ತಿತ್ತು. ಅದರಲ್ಲಿ ಪಾಠವಿದೆಯೆಂದು ಹೊಳೆದದ್ದು ಅಂದು.

ಗೋಡೆಗೆ ಗ್ರಾಫ್ ಹಾಳೆ ಅಂಟಿಸಿ, ಗರಿಷ್ಠ ಮಟ್ಟ 124.80 ಅಡಿಗೆ ಕೆಂಪು ಗೆರೆ ಎಳೆದೆವು. ದಿನಕ್ಕೊಬ್ಬರು ಚುಕ್ಕಿ ಇಡಬೇಕು. ಒಳಹರಿವು, ಹೊರಹರಿವು ಬರೆಯಬೇಕು. ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್. 'ಎರಡು ಕೊಡ ಆಗುತ್ತದೆ' ಎಂದರು ಹಿಂದಿನ ಬೆಂಚಿನವರು. 10,000 ಕ್ಯೂಸೆಕ್ ಇಡೀ ದಿನ ಹರಿದರೆ? 86,400ರಿಂದ ಗುಣಿಸಿದಾಗ 86.4 ಕೋಟಿ ಘನ ಅಡಿ ಬಂತು. ಟಿಎಂಸಿ ಎಂದರೆ ಹತ್ತು ಕೋಟಿ ಘನ ಅಡಿ ಎಂದು ನಾನೇ ಬೋರ್ಡಿನ ಮೇಲೆ ತಪ್ಪು ಬರೆದಿದ್ದೆ. 'ಹಾಗಾದರೆ ಆರು ದಿನಕ್ಕೇ ಕಟ್ಟೆ ತುಂಬಬೇಕಲ್ಲ ಸರ್?' ಎಂದಳು ಒಬ್ಬ ಹುಡುಗಿ. ಕಟ್ಟೆಯ ಸಾಮರ್ಥ್ಯ ಸುಮಾರು 49.5 ಟಿಎಂಸಿ ಎಂಬುದು ಅವಳಿಗೆ ಅದೇ ಚೌಕಟ್ಟಿನಿಂದ ಗೊತ್ತಾಗಿತ್ತು. ನೂರು ಕೋಟಿ ಎಂದು ತಿದ್ದಿಕೊಂಡೆ. ಪಠ್ಯಪುಸ್ತಕದ ಲೆಕ್ಕದಲ್ಲಿ ನನ್ನನ್ನು ಯಾರೂ ಹೀಗೆ ಹಿಡಿದು ಹಾಕಿರಲಿಲ್ಲ.

ಒಳಹರಿವು ಹೆಚ್ಚು ಕಡಿಮೆ ಅಷ್ಟೇ ಇದ್ದರೂ ಮೇಲೆ ಹೋದಂತೆ ಗೆರೆಯ ಏರಿಕೆ ನಿಧಾನವಾಯಿತು. ಕಾರಣ ಹುಡುಕಲು ಎರಡು ದಿನ ಬಿಟ್ಟೆ. 'ಬಾಣಲೆಗೆ ಎಣ್ಣೆ ಸುರಿದ ಹಾಗೆ, ಮೇಲೆ ಬಾಯಿ ಅಗಲ' ಎಂಬ ಉತ್ತರ ಬಂತು. ಇನ್ನೊಮ್ಮೆ ಒಂದೇ ದಿನದ ಎರಡು ಪತ್ರಿಕೆಗಳಲ್ಲಿ ಬೇರೆ ಬೇರೆ ಅಂಕಿ ಕಂಡಿತು. ಒಂದರದು ಬೆಳಗಿನದು, ಇನ್ನೊಂದರದು ಸಂಜೆಯದು. ಅಳತೆಯ ಹೊತ್ತನ್ನೂ ಬರೆದುಕೊಳ್ಳಬೇಕೆಂಬ ನಿಯಮವನ್ನು ಆಮೇಲೆ ಮಕ್ಕಳೇ ಮಾಡಿಕೊಂಡರು.

ತೊಡಕು ಒಂದೇ: ಶಾಲೆಗೆ ಬರುವುದು ಒಂದೇ ಪತ್ರಿಕೆ, ಅದೂ ಸಿಬ್ಬಂದಿ ಕೊಠಡಿಯಲ್ಲೆಲ್ಲ ಸುತ್ತಾಡಿ ಮಧ್ಯಾಹ್ನಕ್ಕೆ ನನ್ನ ಕೈ ಸೇರುತ್ತದೆ. ಅದೂ ಬಾರದ ಒಂದು ದಿನ, ಚುಕ್ಕಿಯ ಸರದಿಯ ಹುಡುಗ ಟೀ ಅಂಗಡಿಯಲ್ಲಿ ನೋಡಿ ಅಂಗೈ ಮೇಲೆ ಬರೆದುಕೊಂಡು ಬಂದ. ಬೆವರಿಗೆ ಮಸಿ ಕದಡಿ, 118.1 ಅಡಿಯೋ 118.7 ಅಡಿಯೋ ತಿಳಿಯದಾಯಿತು. ತರಗತಿಯೇ ಅವನ ಕೈ ಹಿಡಿದು ನೋಡಿತು. ಹಿಂದಿನ ದಿನ 117.9 ಇತ್ತು, ಕೊಡಗಿನಲ್ಲಿ ಮಳೆ ತಗ್ಗಿದೆ, ಒಳಹರಿವೂ ಇಳಿದಿದೆ, ಒಂದೇ ದಿನಕ್ಕೆ ಮುಕ್ಕಾಲು ಅಡಿ ಏರಲಾರದು ಎಂದು ವಾದಿಸಿ 118.1ಕ್ಕೆ ಚುಕ್ಕಿ ಇಟ್ಟರು, ಪೆನ್ಸಿಲಿನಲ್ಲಿ. ಮರುದಿನದ ಪತ್ರಿಕೆ ನೋಡಿದ ಮೇಲೆ ಶಾಯಿ.