ಉಪ್ಪು ತಾಗುವ ಮುನ್ನ

ಉಪ್ಪಿನಕಾಯಿ ಕೆಟ್ಟಿತೆಂದರೆ ಮೊದಲ ಅನುಮಾನ ಉಪ್ಪಿನ ಮೇಲೆ, ಆಮೇಲೆ ಮಸಾಲೆಯ ಮೇಲೆ, ಕೊನೆಗೆ ಜಾಡಿಯ ಮೇಲೆ. ಹಿತ್ತಲಿನಲ್ಲಿ ಬೆಳೆದ ತರಕಾರಿಯನ್ನು ಹಲವು ವರ್ಷ ಜಾಡಿಗೆ ತುಂಬಿದ ಮೇಲೆ ನನಗೆ ಖಚಿತವಾದ ಸಂಗತಿ ಒಂದಿದೆ. ಹೆಚ್ಚಿನ ಜಾಡಿಗಳ ಹಣೆಬರಹ ಉಪ್ಪು ತಾಗುವ ಮೊದಲೇ ನಿರ್ಧಾರವಾಗಿರುತ್ತದೆ. ಕಾಯಿಯನ್ನು ಯಾವ ಹೊತ್ತಿನಲ್ಲಿ ಕಿತ್ತಿರಿ, ಹೇಗೆ ತೊಳೆದಿರಿ, ಎಲ್ಲಿ ಕತ್ತರಿಸಿದಿರಿ ಎಂಬುದರಲ್ಲೇ ಅರ್ಧ ಕೆಲಸ ಮುಗಿದಿರುತ್ತದೆ. ಈ ಲೇಖನ ಆ ಅರ್ಧದ ಬಗ್ಗೆ.

ಕೀಳುವುದು

ಮುಂಜಾನೆ ಕೀಳಿ. ರಾತ್ರಿಯ ತಂಪಿನಲ್ಲಿ ನೀರು ತುಂಬಿಕೊಂಡ ಕಾಯಿ ಬೆಳಗ್ಗೆ ಬಿಗಿಯಾಗಿರುತ್ತದೆ, ಬಿಸಿಲು ಏರಿದಂತೆ ಸೊರಗುತ್ತದೆ. ಕಿತ್ತ ದಿನವೇ ಜಾಡಿಗೆ ಹಾಕುವುದು ಅತ್ಯುತ್ತಮ. ಆಗದಿದ್ದರೆ ತೊಳೆಯದೆ ಫ್ರಿಜ್ಜಿನಲ್ಲಿಟ್ಟು, 24 ಗಂಟೆಯೊಳಗೆ ಕೆಲಸ ಮುಗಿಸಿ.

ಇಡಿಯಾಗಿ ಹಾಕುವ ಸೌತೆಕಾಯಿ ಎಳೆಯದಾಗಿರಲಿ, ಒಳಗೆ ಬೀಜ ಗಟ್ಟಿಯಾಗಿರಬಾರದು. ಬೀನ್ಸನ್ನು ಬಾಗಿಸಿ ನೋಡಿ, ಟಕ್ಕೆಂದು ಮುರಿಯಬೇಕು. ಬಳುಕಿದರೆ ಅದು ಬಾಡಿದೆ, ನಾರು ಬಂದರೆ ಬಲಿತಿದೆ. ಪೆಟ್ಟಾದ, ಹುಳ ಕೊರೆದ, ಚುಕ್ಕೆ ಬಿದ್ದ ಕಾಯಿಗಳನ್ನು ಅಂದಿನ ಅಡುಗೆಗೆ ಬಳಸಿ. ಕೊಳೆತ ಭಾಗವನ್ನಷ್ಟೇ ಕತ್ತರಿಸಿ ಉಳಿದದ್ದನ್ನು ಜಾಡಿಗೆ ಹಾಕುವ ಆಸೆ ಎಲ್ಲರಿಗೂ ಬರುತ್ತದೆ. ದಯವಿಟ್ಟು ಬೇಡ. ಒಂದು ತುಂಡಿನ ಕೊಳೆ ಇಡೀ ಜಾಡಿಯನ್ನು ಹಾಳು ಮಾಡಬಲ್ಲದು.

ತೊಳೆಯುವುದು

ದೊಡ್ಡ ಪಾತ್ರೆಯ ತುಂಬ ತಣ್ಣೀರಿಟ್ಟು ಕಾಯಿಗಳನ್ನು ಅದರಲ್ಲಿ ಬಿಡಿ. ತೇಲುವ ಸೌತೆಕಾಯಿಯನ್ನು ಪಕ್ಕಕ್ಕಿಡಿ. ಅದರ ಒಡಲು ಟೊಳ್ಳಾಗಿರುವ ಸಾಧ್ಯತೆ ಹೆಚ್ಚು, ಇಡಿಯಾಗಿ ಹಾಕಿದರೆ ಮುದುಡುತ್ತದೆ. ನಂತರ ಹರಿಯುವ ನೀರಿನಲ್ಲಿ ಮೃದುವಾದ ಬ್ರಷ್‌ನಿಂದ ಉಜ್ಜಿ ತೊಳೆಯಿರಿ. ಸಾಬೂನು ಬೇಡ. ತೊಟ್ಟಿನ ಬುಡ, ಗೆಡ್ಡೆಗಳ ಸುಕ್ಕು, ಮೆಣಸಿನಕಾಯಿಯ ತಲೆಭಾಗ ಇವೇ ಮಣ್ಣು ಅಡಗುವ ಜಾಗಗಳು. ಜಾಡಿಯಲ್ಲಿ ನಮಗೆ ತೊಂದರೆ ಕೊಡುವ ಸೂಕ್ಷ್ಮಜೀವಿಗಳು ಬರುವುದು ಮುಖ್ಯವಾಗಿ ಮಣ್ಣಿನಿಂದಲೇ.

ಹೂಕೋಸಿನ ಹೂಗಳನ್ನು ಬಿಡಿಸಿ ಉಪ್ಪು ಬೆರೆಸಿದ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಡಿ. ಒಳಗೆ ಅಡಗಿದ ಹುಳಗಳು ಹೊರಬರುತ್ತವೆ. ಆಮೇಲೆ ಮತ್ತೊಮ್ಮೆ ಶುದ್ಧ ನೀರಿನಲ್ಲಿ ಜಾಲಿಸಿ.

ಹೂವಿನ ತುದಿ

ಇಲ್ಲಿ ಸ್ವಲ್ಪ ನಿಲ್ಲಬೇಕು. ನಾನು ಮೊದಲ ಸಲ ಸೌತೆಕಾಯಿ ಹಾಕಿದಾಗ ಎಲ್ಲವನ್ನೂ ಅಳತೆಯಂತೆಯೇ ಮಾಡಿದ್ದೆ. ಮೂರು ವಾರದ ಮೇಲೆ ಮುಚ್ಚಳ ತೆರೆದರೆ ಪರಿಮಳ ಚೆನ್ನಾಗಿತ್ತು, ಬಣ್ಣವೂ ಚೆನ್ನಾಗಿತ್ತು. ಕಚ್ಚಿದರೆ ಮಾತ್ರ ನೆನೆದ ಹತ್ತಿಯಂತೆ ಮೆತ್ತಗೆ. ಇಡೀ ಜಾಡಿ ಹಾಗೆಯೇ ಇತ್ತು. ತುಂಬ ಬೇಸರವಾಯಿತು.

ಕಾರಣ ಕಾಯಿಯ ತುದಿಯಲ್ಲಿತ್ತು. ಸೌತೆಕಾಯಿಯನ್ನು ಕೈಯಲ್ಲಿ ಹಿಡಿದು ನೋಡಿ. ಒಂದು ಕಡೆ ಬಳ್ಳಿಗೆ ಅಂಟಿಕೊಂಡಿದ್ದ ತೊಟ್ಟು ಇರುತ್ತದೆ. ಇನ್ನೊಂದು ಕಡೆ ಒಣಗಿದ ಹೂವಿನ ಚೂರು, ಅದು ಉದುರಿದ್ದರೆ ಸಣ್ಣ ದುಂಡನೆಯ ಗುರುತು. ಆ ಹೂವಿನ ತುದಿಯಲ್ಲಿರುವ ಕಿಣ್ವಗಳು ಕಾಯಿಯ ಗಟ್ಟಿತನಕ್ಕೆ ಕಾರಣವಾದ ಪೆಕ್ಟಿನ್ ಅನ್ನು ನಿಧಾನವಾಗಿ ಕರಗಿಸುತ್ತವೆ. ಆ ಬದಿಯಿಂದ ಸುಮಾರು 2 ಮಿಲಿಮೀಟರ್ ದಪ್ಪದ ಚಕ್ಕೆಯನ್ನು ಕತ್ತರಿಸಿ ತೆಗೆದರೆ ಸಾಕು. ಯಾವ ತುದಿ ಎಂದು ತಿಳಿಯದಿದ್ದರೆ ಎರಡೂ ಕಡೆ ಕತ್ತರಿಸಿ. ಅಂದಿನಿಂದ ನಾನು ಈ ಹೆಜ್ಜೆಯನ್ನು ಒಂದು ಸಲವೂ ಬಿಟ್ಟಿಲ್ಲ.

ಗರಿಗರಿ ಉಳಿಸಲು ಇನ್ನೊಂದು ಉಪಾಯವಿದೆ. ಹೆಚ್ಚಿದ ಸೌತೆಕಾಯಿಗೆ ಉಪ್ಪು ಸವರಿ, ಮೇಲೆ ಮಂಜುಗಡ್ಡೆಯ ಚೂರು ಹರಡಿ, ಮೂರು ನಾಲ್ಕು ಗಂಟೆ ಫ್ರಿಜ್ಜಿನಲ್ಲಿಡಿ. ಉಪ್ಪು ಒಳಗಿನ ನೀರನ್ನು ಎಳೆದು ಹೊರಹಾಕುತ್ತದೆ. ಆ ನೀರನ್ನು ಬಸಿದು ಚೆಲ್ಲಿ. ಅದು ಕಾಯಿಯಲ್ಲೇ ಉಳಿದರೆ ಮುಂದೆ ಜಾಡಿಯ ಹುಳಿಯನ್ನು ತೆಳುವಾಗಿಸುತ್ತದೆ.

ಉಳಿದ ತರಕಾರಿಗಳು

ಕ್ಯಾರೆಟ್, ಮೂಲಂಗಿಯ ಸಿಪ್ಪೆ ಹೆರೆದು ಒಂದೇ ದಪ್ಪಕ್ಕೆ ಹೆಚ್ಚಿ. ದಪ್ಪ ಹೆಚ್ಚುಕಡಿಮೆಯಾದರೆ ಒಂದು ತುಂಡಿಗೆ ಹುಳಿ ಹಿಡಿಯುವಾಗ ಇನ್ನೊಂದು ಸಪ್ಪೆಯಾಗಿಯೇ ಇರುತ್ತದೆ. ಇಡೀ ಮೆಣಸಿನಕಾಯಿಗೆ ಚಾಕುವಿನಿಂದ ಒಂದೆರಡು ಸೀಳು ಹಾಕಿ, ಇಲ್ಲವಾದರೆ ವಿನೆಗರ್ ಅಥವಾ ಉಪ್ಪುನೀರಿನ ದ್ರಾವಣ ಒಳಗೆ ಇಳಿಯುವುದಿಲ್ಲ, ಕಾಯಿ ಮೇಲೆ ತೇಲುತ್ತದೆ. ಬೀಟ್‌ರೂಟಿನ ತೊಟ್ಟನ್ನೂ ಬೇರನ್ನೂ ಎರಡು ಮೂರು ಸೆಂಟಿಮೀಟರ್ ಉಳಿಸಿ ಸಿಪ್ಪೆ ಸಮೇತ ಬೇಯಿಸಿ. ಮೊದಲೇ ಕತ್ತರಿಸಿದರೆ ಬಣ್ಣವೆಲ್ಲ ನೀರಿನ ಪಾಲು. ಸಣ್ಣ ಈರುಳ್ಳಿಯನ್ನು ಒಂದು ನಿಮಿಷ ಕುದಿಯುವ ನೀರಿಗೆ ಹಾಕಿ ತೆಗೆದರೆ ಸಿಪ್ಪೆ ತಾನಾಗಿ ಜಾರುತ್ತದೆ.

ಪಾತ್ರೆ, ಉಪ್ಪು, ವಿನೆಗರ್

ಹುಳಿ ಮುಟ್ಟುವ ಕೆಲಸಕ್ಕೆ ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ, ಕಬ್ಬಿಣ ಯಾವುದೂ ಬೇಡ. ಗಾಜು ಅಥವಾ ಸ್ಟೀಲ್ ಬಳಸಿ. ಪುಡಿ ಉಪ್ಪು ಗಂಟು ಕಟ್ಟದಿರಲೆಂದು ಬೆರೆಸುವ ವಸ್ತುಗಳು ದ್ರಾವಣವನ್ನು ಕದಡುತ್ತವೆ, ಆದ್ದರಿಂದ ಏನೂ ಬೆರೆಸದ ಶುದ್ಧ ಉಪ್ಪು ಒಳ್ಳೆಯದು. ಉಪ್ಪನ್ನು ಚಮಚದಲ್ಲಿ ಅಳೆಯಬೇಡಿ, ತೂಕ ಮಾಡಿ. ಕಲ್ಲುಪ್ಪಿನ ಒಂದು ಚಮಚವೂ ಪುಡಿ ಉಪ್ಪಿನ ಒಂದು ಚಮಚವೂ ಒಂದೇ ತೂಕವಲ್ಲ.

ವಿನೆಗರ್ ಶೇ 5ರಷ್ಟು ಆಮ್ಲವಿರುವುದಾಗಿರಬೇಕು, ಬಾಟಲಿಯ ಚೀಟಿಯಲ್ಲಿ ನೋಡಿಕೊಳ್ಳಿ. ನೀರು ಬೆರೆಸುವುದಾದರೆ ವಿನೆಗರ್‌ನಷ್ಟೇ ನೀರು, ಅದಕ್ಕಿಂತ ಹೆಚ್ಚು ಬೇಡ. ಹುಳಿ ಜಾಸ್ತಿ ಎನಿಸಿದರೆ ಸಕ್ಕರೆ ಸೇರಿಸಿ, ವಿನೆಗರ್ ಕಡಿಮೆ ಮಾಡಬೇಡಿ.

ಗಾಜಿನ ಜಾಡಿಗಳನ್ನು 10 ನಿಮಿಷ ನೀರಿನಲ್ಲಿ ಕುದಿಸಿ. ಬಿಸಿ ದ್ರಾವಣವನ್ನು ಬಿಸಿ ಜಾಡಿಗೇ ಸುರಿಯಿರಿ, ತಣ್ಣಗಿದ್ದರೆ ಗಾಜು ಸೀಳುತ್ತದೆ. ತರಕಾರಿ ಪೂರ್ತಿ ಮುಳುಗಬೇಕು. ಮೇಲೆ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು ಜಾಗ ಖಾಲಿ ಇರಲಿ. ಮರದ ಕಡ್ಡಿಯನ್ನು ಒಳಬದಿಯಲ್ಲಿ ಆಡಿಸಿದರೆ ಸಿಕ್ಕಿಕೊಂಡ ಗಾಳಿಗುಳ್ಳೆಗಳು ಮೇಲೇಳುತ್ತವೆ.

ಉಪ್ಪಿನಲ್ಲೇ ಹುಳಿ ಬರಿಸುವುದಾದರೆ

ವಿನೆಗರ್ ಇಲ್ಲದೆ ಹುಳಿ ಬರಿಸುವುದು ನನಗೆ ಹೆಚ್ಚು ಇಷ್ಟದ ದಾರಿ. ಎಲೆಕೋಸನ್ನು ಸಣ್ಣಗೆ ಹೆಚ್ಚಿ, ಕಿಲೋಗೆ 20ರಿಂದ 25 ಗ್ರಾಂ ಉಪ್ಪು ಹಾಕಿ ಕೈಯಿಂದ ಹಿಸುಕಿ. ಮೊದಲು ಏನೂ ಆಗುವುದಿಲ್ಲ ಎನಿಸುತ್ತದೆ. ಐದಾರು ನಿಮಿಷದಲ್ಲಿ ಎಲೆ ಕೈಗೆ ಮೆತ್ತಗಾಗಿ, ಬೆರಳ ಸಂದಿಯಲ್ಲಿ ನೀರು ಜಿನುಗತೊಡಗುತ್ತದೆ. ಆ ನೀರಿನಲ್ಲೇ ಕೋಸನ್ನು ಒತ್ತಿ ಮುಳುಗಿಸಿ, ಮೇಲೆ ಭಾರವಿಡಿ. ಎಲೆಯ ಮೇಲೆ ಸಹಜವಾಗಿಯೇ ಇರುವ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ತಿಂದು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. 21ರಿಂದ 24 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಮೂರು ನಾಲ್ಕು ವಾರ ಬೇಕು. ಅದಕ್ಕಿಂತ ಸೆಕೆಯಿದ್ದರೆ ಕೋಸು ಮೆತ್ತಗಾಗುತ್ತದೆ. ಅನಿಲ ಹೊರಹೋಗಲು ಮುಚ್ಚಳ ಸಡಿಲವಿರಲಿ.

ನೀರು ಕದಡಿದರೆ ಹೆದರಬೇಡಿ, ಅದು ಹುಳಿ ಬರುತ್ತಿರುವ ಲಕ್ಷಣ. ಮೇಲೆ ತೆಳುವಾದ ಬಿಳಿ ಕೆನೆ ಕಟ್ಟಿದರೆ ಆಗಾಗ ತೆಗೆದುಹಾಕಿ. ಕೂದಲಿನಂಥ ಬಣ್ಣದ ಬೂಷ್ಟು, ಲೋಳೆ, ಕೊಳೆತ ವಾಸನೆ ಕಂಡರೆ ಇಡೀ ಜಾಡಿಯನ್ನು ಚೆಲ್ಲಿಬಿಡಿ. ಬೆಳ್ಳುಳ್ಳಿ ಹಸಿರು ನೀಲಿಯಾದರೆ ಗಾಬರಿ ಬೇಡ, ಹುಳಿ ತಾಗಿದಾಗ ಅದು ಹಾಗಾಗುವುದುಂಟು, ತಿನ್ನಬಹುದು.

ಫ್ರೀಜರಿಗೆ

ಇಳುವರಿ ಹೆಚ್ಚಾಗಿ ಉಳಿದದ್ದನ್ನು ಫ್ರೀಜರಿನಲ್ಲಿಡುವುದಾದರೆ ಮೊದಲು ಕುದಿನೀರಿನಲ್ಲಿ ಅದ್ದಿ ತೆಗೆಯಿರಿ. ಬೀನ್ಸ್ ಮತ್ತು ಹೂಕೋಸಿಗೆ 3 ನಿಮಿಷ, ಹೆಚ್ಚಿದ ಕ್ಯಾರೆಟ್‌ಗೆ 2, ಬಟಾಣಿಗೆ ಒಂದೂವರೆ. ಅಷ್ಟೇ ಹೊತ್ತು ಮಂಜುಗಡ್ಡೆಯ ನೀರಿನಲ್ಲಿಟ್ಟು, ಬಟ್ಟೆಯ ಮೇಲೆ ಹರಡಿ ಒರಸಿ, ಮೈನಸ್ 18 ಡಿಗ್ರಿಯಲ್ಲಿಡಿ.

ಮಾಡಲೇಬಾರದ್ದು

ಬೀನ್ಸ್, ಕ್ಯಾರೆಟ್, ಬಟಾಣಿಯನ್ನು ಬರೀ ನೀರಿನಲ್ಲಿ ಹಾಕಿ, ಜಾಡಿಯನ್ನು ಕುದಿಸಿ, ಮುಚ್ಚಳ ಬಿಗಿದು ಕಪಾಟಿನಲ್ಲಿಡಬೇಡಿ. ಫ್ರಾನ್ಸಿನ ನಿಕೋಲಾ ಆಪೆರ್ ಬಾಟಲಿಗಳನ್ನು ಕುದಿಸಿ ಆಹಾರ ಉಳಿಸುವ ವಿಧಾನವನ್ನು 1810ರಲ್ಲಿ ಪ್ರಕಟಿಸಿದಾಗ ಆಹಾರ ಏಕೆ ಕೆಡುವುದಿಲ್ಲ ಎಂಬುದು ಅವನಿಗೂ ತಿಳಿದಿರಲಿಲ್ಲ. ಇಂದು ನಮಗೆ ತಿಳಿದಿದೆ. ಬಾಟ್ಯುಲಿಸಂ ಎಂಬ ಪ್ರಾಣಾಂತಕ ಆಹಾರವಿಷ ತರುವ ಬ್ಯಾಕ್ಟೀರಿಯಾದ ಬೀಜಾಣುಗಳು 100 ಡಿಗ್ರಿಯ ಕುದಿತದಲ್ಲೂ ಬದುಕಿ ಉಳಿಯುತ್ತವೆ, ಗಾಳಿಯಿಲ್ಲದ ಜಾಡಿಯಲ್ಲಿ ಮೊಳೆತು ವಿಷ ಮಾಡುತ್ತವೆ. ಅವು ಬೆಳೆಯದಂತೆ ತಡೆಯುವುದು ಹುಳಿ, ಅಂದರೆ ಪಿಎಚ್ (ಹುಳಿಯ ಅಳತೆ, ಹುಳಿ ಹೆಚ್ಚಿದಷ್ಟೂ ಇದು ಇಳಿಯುತ್ತದೆ) 4.6 ಅಥವಾ ಅದಕ್ಕಿಂತ ಕಡಿಮೆ. ಹಸಿ ಬೆಳ್ಳುಳ್ಳಿಯನ್ನು ಬರೀ ಎಣ್ಣೆಯಲ್ಲಿ ಮುಳುಗಿಸಿ ಹೊರಗಿಡುವುದೂ ಇಷ್ಟೇ ಅಪಾಯಕಾರಿ.

ಮುಚ್ಚಳದ ಮೇಲೆ ಹಾಕಿದ ತಾರೀಖು ಮತ್ತು ಉಪ್ಪಿನ ತೂಕ ಎರಡನ್ನೂ ಬರೆದಿಡಿ, ಮುಂದಿನ ಸಲ ಹೆಚ್ಚುಕಡಿಮೆ ಮಾಡಲು ಅದೇ ಆಧಾರ. ವಿನೆಗರ್ ಜಾಡಿಗಳನ್ನು ತಿನ್ನುವ ಮೊದಲು ನಾಲ್ಕೈದು ವಾರ ಬಿಡಿ, ರುಚಿ ಒಳಗಿಳಿಯಬೇಕು. ಮುಚ್ಚಳ ಉಬ್ಬಿದ್ದರೆ ಅಥವಾ ತೆರೆದ ಕೂಡಲೇ ದ್ರಾವಣ ಚಿಮ್ಮಿದರೆ ನಾಲಿಗೆಯ ತುದಿಗೂ ತಾಗಿಸದೆ, ಮಕ್ಕಳಿಗೂ ಸಾಕುಪ್ರಾಣಿಗಳಿಗೂ ಸಿಗದಂತೆ ಬಿಸಾಡಿ.